ಅಮೆರಿಕದ ರೆಸಿಡೆನ್ಸಿಗೆ ಅರ್ಜಿ: ರೊಟೇಶನ್‌ಗಳನ್ನು ಯಾವ ತಿಂಗಳಿಗೆ ಇಟ್ಟುಕೊಂಡೆ, ಏಕೆ

ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರದ ತಜ್ಞ ತರಬೇತಿಗೆ, ಅರ್ಜಿ ಹಾಕಬೇಕೆಂದಿರುವ ನಮ್ಮ ಕಡೆಯ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಪರೀಕ್ಷೆಯ ಅಂಕಗಳನ್ನು, ಆಮೇಲೆ ಖರ್ಚನ್ನು. ಅಲ್ಲಿನ ಆಸ್ಪತ್ರೆಗಳಲ್ಲಿ ಕೆಲವು ವಾರ ವೈದ್ಯರ ತಂಡದೊಂದಿಗಿದ್ದು ಮಾಡಬೇಕಾದ ಕ್ಲಿನಿಕಲ್ ರೊಟೇಶನ್‌ಗಳ ಮಾತು ಎಲ್ಲಕ್ಕಿಂತ ಕೊನೆಗೆ, ಬಿಡುವಾದಾಗ ಹೋಗಿಬಂದರಾಯಿತು ಎನ್ನುವ ಧಾಟಿಯಲ್ಲಿ ಬರುತ್ತದೆ. ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿ, 2025ರ ಮ್ಯಾಚ್‌ನಲ್ಲಿ (ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ಆದ್ಯತಾ ಪಟ್ಟಿಗಳನ್ನು ಹೊಂದಿಸಿ ಸೀಟು ಹಂಚುವ ಪ್ರಕ್ರಿಯೆಯಲ್ಲಿ) ಇಂಟರ್ನಲ್ ಮೆಡಿಸಿನ್ ಸೀಟು ಪಡೆದ ನನ್ನ ಮಟ್ಟಿಗೆ ಹೇಳುವುದಾದರೆ, ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಹೆಚ್ಚು ಯೋಚನೆಯನ್ನು ಬೇಡಿದ್ದು ಈ ತಿಂಗಳುಗಳ ಆಯ್ಕೆಯೇ. ರೊಟೇಶನ್ನಿನಿಂದ ನಮಗೆ ಸಿಗಬೇಕಾದದ್ದು ಶಿಫಾರಸು ಪತ್ರ. ಅದನ್ನು ಬರೆಯುವ ವೈದ್ಯರು ನಮ್ಮನ್ನು ಎಷ್ಟು ದಿನ, ಎಂತಹ ಸ್ಥಿತಿಯಲ್ಲಿ ನೋಡುತ್ತಾರೆ ಮತ್ತು ಆ ಪತ್ರ ಯಾವ ದಿನದೊಳಗೆ ಅರ್ಜಿಗೆ ಸೇರುತ್ತದೆ ಎಂಬುದನ್ನು ನೋಡಿ ತಿಂಗಳನ್ನು ಆರಿಸಬೇಕೇ ಹೊರತು ನಮ್ಮ ಬಿಡುವನ್ನು ನೋಡಿ ಅಲ್ಲ.

ನಾನು ಅರ್ಜಿ ಹಾಕಿದ ವರ್ಷದ ದಿನಾಂಕಗಳನ್ನು ಮೊದಲು ಹೇಳಿಬಿಡುತ್ತೇನೆ. ಇಂಟರ್ನಲ್ ಮೆಡಿಸಿನ್‌ನ ಅರ್ಜಿಗಳು ಹೋಗುವುದು ‘ಇರಾಸ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. 2024ರ ಸೆಪ್ಟೆಂಬರ್ 4ರಿಂದ ಅರ್ಜಿ ಸಲ್ಲಿಸಲು ಅವಕಾಶವಿತ್ತು. ಸೆಪ್ಟೆಂಬರ್ 25ರಂದು ಎಲ್ಲ ಪ್ರೋಗ್ರಾಮ್‌ಗಳಿಗೂ (ಆಸ್ಪತ್ರೆಗಳ ರೆಸಿಡೆನ್ಸಿ ವಿಭಾಗಗಳಿಗೂ) ಅರ್ಜಿಗಳು ಏಕಕಾಲಕ್ಕೆ ತೆರೆದುಕೊಂಡವು. ಅಕ್ಟೋಬರಿನಿಂದ ಜನವರಿಯವರೆಗೆ ಸಂದರ್ಶನಗಳು, 2025ರ ಮಾರ್ಚ್ 5ಕ್ಕೆ ಆದ್ಯತಾ ಪಟ್ಟಿಯ ಗಡುವು, ಮಾರ್ಚ್ 21ಕ್ಕೆ ಮ್ಯಾಚ್ ಡೇ. ಸೆಪ್ಟೆಂಬರ್ 4ಕ್ಕೇ ಸಲ್ಲಿಸಿದವರಿಗೂ 24ಕ್ಕೆ ಸಲ್ಲಿಸಿದವರಿಗೂ ವ್ಯತ್ಯಾಸವಿಲ್ಲ. ಆದರೆ 25ರ ಬೆಳಿಗ್ಗೆ ಅರ್ಜಿಯೊಳಗೆ ಏನೇನಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ, ಏಕೆಂದರೆ ಸಾವಿರಾರು ಅರ್ಜಿಗಳನ್ನು ಸೋಸುವ ಪ್ರೋಗ್ರಾಮ್‌ಗಳು ಮೊದಲ ಕೆಲವು ವಾರಗಳಲ್ಲಿಯೇ ಬಹುಪಾಲು ಸಂದರ್ಶನದ ಕರೆಗಳನ್ನು ಕಳುಹಿಸಿಬಿಡುತ್ತವೆ. ಆ ವರ್ಷ ಅಮೆರಿಕದ ಪ್ರಜೆಗಳಲ್ಲದ ವಿದೇಶಿ ಪದವೀಧರರಲ್ಲಿ ನೂರಕ್ಕೆ 58 ಮಂದಿಗೆ ಮಾತ್ರ ಸೀಟು ಸಿಕ್ಕಿತು. ಉಳಿದ 42ರಲ್ಲಿ ಒಳ್ಳೆಯ ಅಂಕ ಪಡೆದವರೂ ಇದ್ದರೆಂಬುದನ್ನು ನನ್ನ ಸಹಪಾಠಿಗಳನ್ನು ನೋಡಿಯೇ ಬಲ್ಲೆ.

ಹೀಗೆ ಸೆಪ್ಟೆಂಬರಿನಿಂದ ಹಿಂದಕ್ಕೆ ಎಣಿಸುವುದು ಸಹಜವೇ. ಆದರೆ ಭಾರತದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಮೊದಲೇ ಮುಗಿದುಹೋಗುವ ಇನ್ನೊಂದು ಅವಧಿಯಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಮುಖ್ಯವಾದದ್ದು. ಅಮೆರಿಕದ ಆಸ್ಪತ್ರೆಗಳಲ್ಲಿ ‘ಎಲೆಕ್ಟಿವ್’ ಎಂಬುದು ಇನ್ನೂ ವಿದ್ಯಾರ್ಥಿಗಳಾಗಿರುವವರಿಗೆ ಮಾತ್ರ. ಎಲೆಕ್ಟಿವ್ ವಿದ್ಯಾರ್ಥಿಯು ಮೇಲ್ವಿಚಾರಣೆಯಲ್ಲಿ ರೋಗಿಯನ್ನು ತಾನೇ ಮಾತನಾಡಿಸಬಹುದು, ಪರೀಕ್ಷಿಸಬಹುದು, ರೌಂಡ್ಸ್‌ನಲ್ಲಿ ಕೇಸ್ ಮಂಡಿಸಬಹುದು. ಅನೇಕ ಕಡೆ ಟಿಪ್ಪಣಿಯನ್ನೂ ಬರೆಯಬಹುದು. ಪದವಿ ಕೈಗೆ ಬಂದ ಮೇಲೆ ಉಳಿಯುವುದು ಬಹುಮಟ್ಟಿಗೆ ‘ಅಬ್ಸರ್ವರ್‌ಶಿಪ್’, ಅಂದರೆ ತಂಡದ ಹಿಂದೆ ನಿಂತು ನೋಡುವ ಅವಕಾಶ. ರೋಗಿಯನ್ನು ಮುಟ್ಟುವಂತಿಲ್ಲ, ಆಸ್ಪತ್ರೆಯ ಕಂಪ್ಯೂಟರ್ ದಾಖಲೆಗಳನ್ನು ತೆರೆಯುವಂತಿಲ್ಲ. ‘ಈಕೆ ರೋಗಿಗಳನ್ನು ಹೀಗೆ ನೋಡಿಕೊಂಡಳು’ ಎಂದು ಬರೆದ ಪತ್ರಕ್ಕೂ ‘ಈಕೆ ಆಸಕ್ತಿಯಿಂದ ಗಮನಿಸಿದಳು’ ಎಂದು ಬರೆದ ಪತ್ರಕ್ಕೂ ಇರುವ ಅಂತರವನ್ನು ಆಯ್ಕೆ ಸಮಿತಿಗಳು ಚೆನ್ನಾಗಿ ಬಲ್ಲವು. ನಮ್ಮಲ್ಲಿ ಎಂಬಿಬಿಎಸ್ ಪದವಿ ಸಿಗುವುದು ಒಂದು ವರ್ಷದ ಕಡ್ಡಾಯ ಹೌಸ್ ಸರ್ಜನ್ಸಿ ಮುಗಿದ ನಂತರವಾದ್ದರಿಂದ, ಆ ವರ್ಷದಲ್ಲಿಯೂ ನಮ್ಮನ್ನು ವಿದ್ಯಾರ್ಥಿಗಳೆಂದೇ ಒಪ್ಪಿಕೊಳ್ಳುವ ಆಸ್ಪತ್ರೆಗಳಿವೆ. ಕಾಲೇಜಿನ ಪ್ರಾಂಶುಪಾಲರು ಹಾಗೆಂದು ದೃಢೀಕರಿಸಿದ ಪತ್ರ ಕೊಡಬೇಕಷ್ಟೆ. ಹೌಸ್ ಸರ್ಜನ್ಸಿ ಮುಗಿದ ಪ್ರಮಾಣಪತ್ರ ಬಂದ ದಿನ ಆ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ.

ಆದ್ದರಿಂದ ನಾನು ನನ್ನ ಎಲೆಕ್ಟಿವ್ ಅನ್ನು ಹೌಸ್ ಸರ್ಜನ್ಸಿಯ ನಡುವೆಯೇ, 2024ರ ಜನವರಿಯಲ್ಲಿ ಇಟ್ಟುಕೊಂಡೆ. ಇದಕ್ಕೆ ಕಾಲೇಜಿನ ಒಪ್ಪಿಗೆ ಪಡೆಯುವುದು ಸುಲಭವಾಗಿರಲಿಲ್ಲ. ವಿದೇಶದಲ್ಲಿ ಕಳೆದ ವಾರಗಳು ಹೌಸ್ ಸರ್ಜನ್ಸಿಯ ಲೆಕ್ಕಕ್ಕೆ ಬರುವುದಿಲ್ಲ. ಗೈರಾದಷ್ಟು ದಿನಗಳನ್ನು ಕೊನೆಗೆ ಹೆಚ್ಚುವರಿಯಾಗಿ ಮಾಡಿಕೊಡಬೇಕು. ನಮ್ಮ ಮೆಡಿಸಿನ್ ವಿಭಾಗದ ಎಚ್‌ಒಡಿ ಮೇಡಂ ಅವರಲ್ಲಿ ಹೋಗಿ, “ಮೇಡಂ, ವಿಸ್ತರಣೆ ಎಷ್ಟಾದರೂ ಸರಿ, ಮಾಡಿಕೊಡುತ್ತೇನೆ, ಆದರೆ ವಿದ್ಯಾರ್ಥಿಯಾಗಿ ಹೋಗುವುದಕ್ಕೆ ಇದೊಂದೇ ಅವಕಾಶ” ಎಂದು ವಿವರಿಸಿದಾಗ, ಅವರು ಪೋಸ್ಟಿಂಗ್ ಪಟ್ಟಿಯನ್ನು ಮುಂದಿಟ್ಟುಕೊಂಡು, “ಹೆರಿಗೆ ವಿಭಾಗದ ಪೋಸ್ಟಿಂಗ್ ನಡುವೆ ಹೋಗಬೇಡಮ್ಮ, ಅಲ್ಲಿ ಆಳು ಕಡಿಮೆ, ಎರಡು ಪೋಸ್ಟಿಂಗ್‌ಗಳ ಸಂಧಿಯಲ್ಲಿ ಹೋಗು” ಎಂದು ದಾರಿ ತೋರಿಸಿದರು. ನಮ್ಮ ಗೈರುಹಾಜರಿಯ ಭಾರ ಜೊತೆಯ ಹೌಸ್ ಸರ್ಜನ್‌ಗಳ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ವಾರ್ಡಿನ ಕೆಲಸ ನಿಲ್ಲದಂತೆ ಹೋಗಬೇಕೆಂದು ಅವರು ಹೇಳಿದ್ದು ನನಗೆ ನ್ಯಾಯವಾಗಿಯೇ ಕಂಡಿತು.

ಜನವರಿಯ ರೊಟೇಶನ್ನಿನ ತಯಾರಿ ಅದಕ್ಕೂ ಒಂದು ವರ್ಷ ಮೊದಲೇ ಆರಂಭವಾಗಿತ್ತು. ಬಿ1/ಬಿ2 ಎಂಬ ಅಲ್ಪಾವಧಿ ಭೇಟಿಯ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕಿದವರು ಸಂದರ್ಶನದ ದಿನಾಂಕಕ್ಕಾಗಿ ಕೆಲವು ಕಡೆ ವರ್ಷ ಮೀರಿ ಕಾಯಬೇಕಾಗಿದ್ದ ಕಾಲವದು. ಬೆಂಗಳೂರಿನಲ್ಲಿ ಸೌಲಭ್ಯವಿಲ್ಲದ್ದರಿಂದ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು. ಯಾವ ಆಸ್ಪತ್ರೆ ಎಂದು ಗೊತ್ತಾಗುವ ಮೊದಲೇ ನಾನು ದಿನಾಂಕ ಕಾದಿರಿಸಿದೆ. ಹೆಚ್ಚಿನ ಆಸ್ಪತ್ರೆಗಳು ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲ ಹಂತ, ಸ್ಟೆಪ್ 1, ಪಾಸಾಗಿರಬೇಕೆಂದು ಕೇಳುತ್ತವೆ. ಅದನ್ನು ಸಮುದಾಯ ವೈದ್ಯಕೀಯದ ಪೋಸ್ಟಿಂಗ್‌ನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಂಜೆಗಳಲ್ಲಿ ಓದಿ, ಬೆಂಗಳೂರಿನಲ್ಲಿ ಬರೆದಿದ್ದೆ. 2022ರ ಜನವರಿಯಿಂದ ಆ ಪರೀಕ್ಷೆಗೆ ಅಂಕಗಳಿಲ್ಲ, ಪಾಸು–ಫೇಲು ಮಾತ್ರ. ಅರ್ಜಿಗೆ ಬೇಕಾದ ಹಂತಗಳಲ್ಲಿ ಅಂಕ ತೋರಿಸುವುದು ಎರಡನೆಯದಾದ ಸ್ಟೆಪ್ 2 ಸಿಕೆ ಒಂದೇ ಆಗಿರುವುದರಿಂದ, ಪತ್ರಗಳ ತೂಕವೂ ಹೆಚ್ಚಿದೆ ಎಂದೇ ನಾನು ತಿಳಿದಿದ್ದೇನೆ.

ಲಸಿಕೆಯ ದಾಖಲೆಗಳ ಬಗ್ಗೆ ಯಾರೂ ಮುಂಚಿತವಾಗಿ ಎಚ್ಚರಿಸುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೆಪಟೈಟಿಸ್ ಬಿ, ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್ ಇವುಗಳಿಗೆ ರಕ್ತದಲ್ಲಿ ಪ್ರತಿಕಾಯಗಳಿವೆಯೆಂಬ ವರದಿಯನ್ನು ಕೇಳುತ್ತಾರೆ. ಬಾಲ್ಯದಲ್ಲಿ ಹಾಕಿಸಿಕೊಂಡ ಚೀಟಿ ಸಾಲದು. ಹೆಪಟೈಟಿಸ್ ಬಿ ಪ್ರತಿಕಾಯದ ಪ್ರಮಾಣ ಕಡಿಮೆ ಬಂದು ಮೂರು ಡೋಸುಗಳ ಸರಣಿಯನ್ನು ಮತ್ತೆ ತೆಗೆದುಕೊಳ್ಳಬೇಕಾಗಿ ಬಂದರೆ ಅದಕ್ಕೇ ಆರು ತಿಂಗಳು ಬೇಕು. ಹುಟ್ಟಿದಾಗ ಬಿಸಿಜಿ ಹಾಕಿಸಿಕೊಂಡ ನಮ್ಮಂಥವರಿಗೆ ಕ್ಷಯದ ಚರ್ಮ ಪರೀಕ್ಷೆ ರೋಗವಿಲ್ಲದಿದ್ದರೂ ಪಾಸಿಟಿವ್ ಬರಬಹುದು. ಅದರ ಬದಲು ಐಜಿಆರ್‌ಎ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಚಳಿಗಾಲದಲ್ಲಿ ಹೋಗುವವರಿಗೆ ಆ ವರ್ಷದ ಫ್ಲೂ ಲಸಿಕೆಯೂ ಬೇಕು.

ನನ್ನ ಎಲೆಕ್ಟಿವ್ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಮುತ್ತಲ ಒಂದು ಬೋಧನಾ ಆಸ್ಪತ್ರೆಯಲ್ಲಿತ್ತು. ಚಿಕ್ಕಮ್ಮನ ಮನೆ ಅಲ್ಲಿಯೇ ಹತ್ತಿರವಿದ್ದುದರಿಂದ ವಸತಿಯ ಚಿಂತೆಯಿರಲಿಲ್ಲ. ಆ ಹಿಮದಲ್ಲಿ ಬೆಳಗಿನ ಆರಕ್ಕೆಲ್ಲ ವಾರ್ಡಿನಲ್ಲಿರಲು ಚಿಕ್ಕಪ್ಪನವರೇ ಕಾರಿನಲ್ಲಿ ಬಿಡುತ್ತಿದ್ದರು. ಜನವರಿಯನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿದ್ದವು. ಇನ್‌ಫ್ಲುಯೆಂಜಾ, ನ್ಯುಮೋನಿಯಾ, ಉಲ್ಬಣಿಸಿದ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಹೃದಯ ವೈಫಲ್ಯ ಇವುಗಳಿಂದ ಮೆಡಿಸಿನ್ ವಾರ್ಡುಗಳು ತುಂಬಿರುವ ಕಾಲವದು, ಕಲಿಯುವುದಕ್ಕೆ ರೋಗಿಗಳ ಕೊರತೆಯಿರುವುದಿಲ್ಲ. ಎರಡನೆಯದಾಗಿ, ಹಿಂದಿನ ಜುಲೈನಲ್ಲಿ ಸೇರಿದ ಇಂಟರ್ನ್‌ಗಳು, ಅಂದರೆ ಮೊದಲ ವರ್ಷದ ರೆಸಿಡೆಂಟ್‌ಗಳು, ಅಷ್ಟು ಹೊತ್ತಿಗೆ ಅರ್ಧ ವರ್ಷ ಕಳೆದು ಕೆಲಸದಲ್ಲಿ ಪಳಗಿರುತ್ತಾರೆ. ಹೊರಗಿನಿಂದ ಬಂದ ವಿದ್ಯಾರ್ಥಿಗೆ ಹೇಳಿಕೊಡುವಷ್ಟು ನೆಮ್ಮದಿ ಅವರಲ್ಲಿರುತ್ತದೆ. ನಮ್ಮ ಯೂನಿಟ್ ರೌಂಡ್ಸ್‌ನಲ್ಲಿ ರೋಗಿಯ ಚರಿತ್ರೆಯನ್ನು ವಿಸ್ತಾರವಾಗಿ ಹೇಳಿ, ಪರೀಕ್ಷೆಯ ಚಿಹ್ನೆಗಳನ್ನು ಒಂದೊಂದಾಗಿ ಪ್ರಸ್ತಾಪಿಸಿ ಕೊನೆಗೆ ರೋಗನಿರ್ಣಯಕ್ಕೆ ಬರುತ್ತೇವೆ. ಅಲ್ಲಿ ಅಟೆಂಡಿಂಗ್, ಅಂದರೆ ತಂಡದ ಹೊಣೆ ಹೊತ್ತ ಹಿರಿಯ ವೈದ್ಯರು, ಕಾಯುವುದು ರಾತ್ರಿ ಏನಾಯಿತು, ಇಂದಿನ ಸಂಖ್ಯೆಗಳೇನು, ಪ್ರತಿಯೊಂದು ಸಮಸ್ಯೆಗೂ ಇಂದು ಏನು ಮಾಡುತ್ತೀಯ, ಮನೆಗೆ ಯಾವಾಗ ಕಳುಹಿಸುತ್ತೀಯ ಎಂಬುದಕ್ಕೆ. ಈ ಕ್ರಮ ನಾಲಿಗೆಗೆ ಒಗ್ಗಲು ಮೊದಲ ವಾರವೆಲ್ಲ ಹಿಡಿಯಿತು. ಅತ್ಯುತ್ತಮ ಪತ್ರ ಬೇಕೆನಿಸಿದ ಆಸ್ಪತ್ರೆಯನ್ನು ಮೊದಲ ರೊಟೇಶನ್ನಿಗೆ ಇಟ್ಟುಕೊಳ್ಳಬಾರದೆಂದು ನಾನು ಹೇಳುವುದು ಇದೇ ಕಾರಣಕ್ಕೆ. ಮೊದಲನೆಯದು ಕಲಿಯುವುದಕ್ಕಿರಲಿ, ತೋರಿಸುವುದು ಎರಡನೆಯದರಲ್ಲಿ.

ಜನವರಿಗೆ ಒಂದು ತೊಡಕೂ ಇದೆ. ಇರಾಸ್‌ನ ಹೊಸ ಅವಧಿ ತೆರೆಯುವುದು ಜೂನ್‌ನಲ್ಲಿ. ವಿದೇಶಿ ಪದವೀಧರರ ಅರ್ಹತೆಯನ್ನು ದೃಢೀಕರಿಸುವ ಇಸಿಎಫ್‌ಎಂಜಿ ಸಂಸ್ಥೆಯು ಅವರಿಗೆ ಇರಾಸ್‌ನಲ್ಲಿ ನೋಂದಾಯಿಸಲು ಬೇಕಾದ ಟೋಕನ್ ಕೊಡುವ ಹೊತ್ತಿಗೆ ಜೂನ್ ಮುಗಿಯುತ್ತ ಬಂದಿರುತ್ತದೆ. ಆ ಟೋಕನ್ ಇಲ್ಲದೆ ಪತ್ರ ಬರೆಯುವವರಿಗೆ ಕೊಡಬೇಕಾದ ಗುರುತಿನ ಸಂಖ್ಯೆಯನ್ನು ಸೃಷ್ಟಿಸಲಾಗದು, ಸಂಖ್ಯೆಯಿಲ್ಲದೆ ಅವರು ಪತ್ರವನ್ನು ಏರಿಸಲಾಗದು. ಅಂದರೆ ಜನವರಿಯಲ್ಲಿ ನನ್ನನ್ನು ನೋಡಿದ ವೈದ್ಯರು ಜುಲೈನಲ್ಲಿ ಪತ್ರ ಸೇರಿಸಬೇಕು. ನಡುವಣ ತಿಂಗಳುಗಳಲ್ಲಿ ಅವರು ಎಷ್ಟೊಂದು ವಿದ್ಯಾರ್ಥಿಗಳನ್ನು ನೋಡಿರುತ್ತಾರೋ! ಕೊನೆಯ ದಿನ ನಾನು ಅವರಲ್ಲಿ, ಪತ್ರವನ್ನು ಈಗಲೇ ಬರೆದು ತಮ್ಮಲ್ಲಿ ಇಟ್ಟುಕೊಂಡಿರಲು ಸಾಧ್ಯವೇ ಎಂದು ವಿನಂತಿಸಿಕೊಂಡೆ, ಮತ್ತು ನಾನು ನೋಡಿಕೊಂಡ ಕೆಲವು ರೋಗಿಗಳ ಸಂದರ್ಭಗಳನ್ನು, ಹೆಸರು–ಗುರುತು ಯಾವುದೂ ಇಲ್ಲದಂತೆ, ಒಂದು ಪುಟದಲ್ಲಿ ಬರೆದು ಕಳುಹಿಸಿದೆ. ಅವರು ಆ ವಾರವೇ ಬರೆದಿಟ್ಟರು. ಜುಲೈ ಮೊದಲ ವಾರದಲ್ಲಿ ಸಂಖ್ಯೆ ಕಳುಹಿಸಿದಾಗ ಕೆಲವೇ ದಿನಗಳಲ್ಲಿ ಅದು ಅರ್ಜಿಯಲ್ಲಿ ಕಾಣಿಸಿಕೊಂಡಿತು.

ಊರಿಗೆ ಮರಳಿ, ವಿಸ್ತರಣೆಯ ದಿನಗಳನ್ನೂ ಸೇರಿಸಿ ಮೇ ತಿಂಗಳಲ್ಲಿ ಹೌಸ್ ಸರ್ಜನ್ಸಿ ಮುಗಿಸಿದೆ. ಜೂನ್‌ನಲ್ಲಿ ಸ್ಟೆಪ್ 2 ಸಿಕೆ. ಆಗ ಎಂಟು ಬ್ಲಾಕ್‌ಗಳಲ್ಲಿ (ಪ್ರಶ್ನೆಗಳ ಕಂತುಗಳಲ್ಲಿ) ನಡೆಯುತ್ತಿದ್ದ, ಒಂಬತ್ತು ಗಂಟೆಗಳ ಈ ಪರೀಕ್ಷೆಯನ್ನು ಎರಡು ರೊಟೇಶನ್‌ಗಳ ನಡುವೆ ಸೇರಿಸುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಆರರಿಂದ ಸಂಜೆಯವರೆಗೆ ವಾರ್ಡಿನಲ್ಲಿ ನಿಂತು, ರಾತ್ರಿ ಪ್ರಶ್ನೆಗಳನ್ನು ಬಿಡಿಸುತ್ತ ಕೂತರೆ ಎರಡೂ ಕೆಡುತ್ತವೆ. ಪತ್ರವೂ ಸಪ್ಪೆ, ಅಂಕವೂ ಸಪ್ಪೆ. ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕಾಗುವುದರಿಂದ, ಜುಲೈ ದಾಟಿ ಬರೆದವರ ಅಂಕ ಸೆಪ್ಟೆಂಬರಿಗೆ ಕೈಗೆ ಬಂದೀತೆ ಎಂಬ ಆತಂಕ ಉಳಿದೇ ಇರುತ್ತದೆ.

ಬೇಸಿಗೆಯ ರೊಟೇಶನ್‌ಗಳಿಗೆ ಹೊರಟಾಗ ನಾನು ಪದವೀಧರೆ, ಆದ್ದರಿಂದ ಅಬ್ಸರ್ವರ್ ಮಾತ್ರ. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಜುಲೈ ಒಂದರಿಂದಲೇ ಸ್ಥಳವಿದೆ ಎಂದು ಸಂಯೋಜಕಿ ತಿಳಿಸಿದ್ದರು. ಅಮೆರಿಕದಲ್ಲಿ ರೆಸಿಡೆನ್ಸಿಯ ವರ್ಷ ಶುರುವಾಗುವುದು ಆ ದಿನವೇ: ಹಿಂದಿನ ತಿಂಗಳವರೆಗೆ ವಿದ್ಯಾರ್ಥಿಗಳಾಗಿದ್ದವರು ಅಂದು ಇಂಟರ್ನ್‌ಗಳಾಗಿರುತ್ತಾರೆ, ಅಟೆಂಡಿಂಗ್‌ನ ಗಮನವೆಲ್ಲ ಅವರು ತಪ್ಪು ಮಾಡದಂತೆ ನೋಡಿಕೊಳ್ಳುವುದರಲ್ಲಿರುತ್ತದೆ. ಹಿಂದೆ ನಿಂತ ಅಬ್ಸರ್ವರ್ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಜುಲೈ ಮಧ್ಯದ ದಿನಾಂಕವನ್ನು ಕೇಳಿ ಪಡೆದೆ.

ಅದರೊಂದಿಗೆ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಉಪಕಾರ ಮಾಡಿತು: “ಆ ನಾಲ್ಕು ವಾರಗಳಲ್ಲಿ ತಂಡದ ಅಟೆಂಡಿಂಗ್ ಯಾರು, ಅವರ ಸರದಿ ಯಾವ ದಿನ ಬದಲಾಗುತ್ತದೆ?” ಬೋಧನಾ ಆಸ್ಪತ್ರೆಗಳಲ್ಲಿ ಅಟೆಂಡಿಂಗ್‌ಗಳು ಬಹಳ ಕಡೆ ಎರಡು ವಾರಗಳ ಸರದಿಯಲ್ಲಿ ವಾರ್ಡಿಗೆ ಬರುತ್ತಾರೆ, ಕೆಲವೆಡೆ ಒಂದೇ ವಾರ. ಸರದಿಯ ನಡುವೆ ಸೇರಿಕೊಂಡರೆ ನಾಲ್ಕು ವಾರಗಳಲ್ಲಿ ಮೂವರು ಹಿರಿಯ ವೈದ್ಯರನ್ನು ಕಾಣುತ್ತೇವೆ, ಅವರಲ್ಲಿ ಇಬ್ಬರು ನಮ್ಮ ಬಗ್ಗೆ ಧೈರ್ಯವಾಗಿ ಬರೆಯುವಷ್ಟು ದಿನ ಜೊತೆಗಿರುವುದಿಲ್ಲ. ಸರದಿ ಆರಂಭವಾಗುವ ಸೋಮವಾರವೇ ಸೇರಿಕೊಂಡರೆ ಮೊದಲ ದಿನದಿಂದಲೇ ಒಬ್ಬರ ಜೊತೆ ಪೂರ್ಣ ಎರಡು ವಾರ ಸಿಗುತ್ತದೆ. ನಾನು ಹಾಗೆ ಸೇರಿಕೊಂಡು, ಸರದಿ ಮುಗಿದ ಮೇಲೂ ಅದೇ ವೈದ್ಯರ ಹೊರರೋಗಿ ಕ್ಲಿನಿಕ್‌ಗೆ ಬರಲು ಅನುಮತಿ ಕೇಳಿದೆ. ಅವರು ಒಪ್ಪಿದ್ದರಿಂದ ಒಬ್ಬರೇ ನನ್ನನ್ನು ನಾಲ್ಕು ವಾರ ನೋಡಿದಂತಾಯಿತು. ರೋಗಿಯನ್ನು ಮುಟ್ಟುವ ಹಕ್ಕಿಲ್ಲದಿದ್ದರೂ ಓದಿಕೊಂಡು ಹೋಗುವ, ಮಧ್ಯಾಹ್ನದ ಬೋಧನಾ ಸಭೆಯಲ್ಲಿ ಒಂದು ವಿಷಯ ಮಂಡಿಸುವ ಅವಕಾಶವನ್ನು ಅವರು ಕೊಟ್ಟರು. ಪತ್ರ ಆಗಸ್ಟ್ ಮುಗಿಯುವುದರೊಳಗೆ ಬಂದಿತ್ತು.

ಮೂರನೆಯ ರೊಟೇಶನ್ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಬೇರೊಂದು ನಗರದಲ್ಲಿ. ಅಲ್ಲಿನ ಹಿರಿಯ ವೈದ್ಯರು ಪತ್ರ ಕೊಡುವುದಾಗಿ ಒಪ್ಪಿ, ನಂತರ ರಜೆಯ ಮೇಲೆ ಹೋದರು. ಸೆಪ್ಟೆಂಬರ್ 25 ಬಂದರೂ ಪತ್ರ ಬಂದಿರಲಿಲ್ಲ. ರೊಟೇಶನ್ ಮುಗಿಯುವುದಕ್ಕೂ ಅರ್ಜಿಗಳು ತೆರೆದುಕೊಳ್ಳುವುದಕ್ಕೂ ಕನಿಷ್ಠ ನಾಲ್ಕು ವಾರಗಳ ಅಂತರವಿರಬೇಕೆಂದು ಎಲ್ಲರೂ ಏಕೆ ಹೇಳುತ್ತಾರೆಂಬುದು ಅಲ್ಲಿ ಸ್ಪಷ್ಟವಾಯಿತು. ಒಂದು ಪ್ರೋಗ್ರಾಮಿಗೆ ಹೆಚ್ಚೆಂದರೆ ನಾಲ್ಕು ಪತ್ರ ಜೋಡಿಸಬಹುದು. ಒಮ್ಮೆ ತಲುಪಿದ ಪತ್ರವನ್ನು ತೆಗೆದು ಬೇರೆಯದನ್ನು ಹಾಕಲಾಗದು. ನನ್ನ ಕೈಯಲ್ಲಿ ಮಿಶಿಗನ್, ಕ್ಲೀವ್‌ಲ್ಯಾಂಡ್ ಮತ್ತು ದಾವಣಗೆರೆಯ ಎಚ್‌ಒಡಿ ಮೇಡಂ ಅವರ ಪತ್ರಗಳಿದ್ದವು. ಹೌಸ್ ಸರ್ಜನ್ಸಿಯಲ್ಲಿ ನನ್ನನ್ನು ಹತ್ತಿರದಿಂದ ನೋಡಿದವರು ಬರೆದ ಆ ಮೂರನೆಯ ಪತ್ರವನ್ನು ಅಮೆರಿಕದ್ದಲ್ಲವೆಂದು ಬದಿಗಿಡುವುದು ನನಗೆ ಸರಿಯೆನಿಸಲಿಲ್ಲ. ಮೂರನ್ನೂ ಎಲ್ಲ ಕಡೆಗೂ ಕಳುಹಿಸಿ ನಾಲ್ಕನೆಯ ಜಾಗವನ್ನು ಖಾಲಿ ಬಿಟ್ಟೆ; ಅಕ್ಟೋಬರಿನಲ್ಲಿ ಬಂದ ಪತ್ರ ಅಲ್ಲಿ ಸೇರಿತು. ಅದು ಬಂದ ಹೊತ್ತಿಗೆ ಕರೆಗಳಲ್ಲಿ ಹೆಚ್ಚಿನವು ಬಂದಾಗಿದ್ದವು.

ರೊಟೇಶನ್‌ಗಳ ಆಯ್ಕೆಗೆ ‘ಸಿಗ್ನಲ್’ಗಳೊಂದಿಗೂ ನಂಟಿದೆ. ಇಂಟರ್ನಲ್ ಮೆಡಿಸಿನ್‌ಗೆ ಅರ್ಜಿ ಹಾಕುವವರು ಆ ವರ್ಷ 3 ಚಿನ್ನದ, 12 ಬೆಳ್ಳಿಯ ಸಿಗ್ನಲ್‌ಗಳ ಮೂಲಕ ತಮಗೆ ನಿಜವಾಗಿ ಆಸಕ್ತಿಯಿರುವ ಪ್ರೋಗ್ರಾಮ್‌ಗಳನ್ನು ಸೂಚಿಸಬಹುದಿತ್ತು. ಮಿಶಿಗನ್ ಮತ್ತು ಕ್ಲೀವ್‌ಲ್ಯಾಂಡ್‌ಗಳಿಗೆ ಚಿನ್ನದ ಸಿಗ್ನಲ್ ಕೊಟ್ಟೆ. ಎರಡರಿಂದಲೂ ಕರೆ ಬಂತು. ಸುತ್ತಮುತ್ತಲ ಅದೇ ಎರಡು ರಾಜ್ಯಗಳ ಪ್ರೋಗ್ರಾಮ್‌ಗಳಿಂದಲೇ ಉಳಿದ ಕರೆಗಳೂ ಹೆಚ್ಚಾಗಿ ಬಂದವು. ಆ ಪ್ರದೇಶದಲ್ಲಿ ಚಳಿಗಾಲವನ್ನೂ ಕಳೆದಿದ್ದವಳು ಅಲ್ಲಿ ನೆಲೆಸಬಲ್ಲಳೆಂದು ಅವರು ನಂಬಿರಬೇಕು. ದೂರದೂರದ ನಾಲ್ಕು ರಾಜ್ಯಗಳಲ್ಲಿ ಚದುರಿದಂತೆ ರೊಟೇಶನ್ ಮಾಡುವುದಕ್ಕಿಂತ ಒಂದು ಸೀಮೆಯಲ್ಲಿ ಬೇರೂರುವುದು ಲೇಸು.

ಅಕ್ಟೋಬರ್, ನವೆಂಬರಿನಲ್ಲಿಯೂ ರೊಟೇಶನ್ ಮುಂದುವರಿಸಬೇಕೆ ಎಂದು ಅನೇಕರು ಕೇಳುತ್ತಾರೆ. ಆ ಆಸ್ಪತ್ರೆಗೆ ತನ್ನದೇ ರೆಸಿಡೆನ್ಸಿ ಸೀಟುಗಳಿದ್ದು, ಅಲ್ಲಿಗೆ ಅರ್ಜಿ ಹಾಕಿದ್ದು, ಅಲ್ಲಿ ಸೇರುವ ಮನಸ್ಸೂ ಇದ್ದರೆ ಮಾತ್ರ ಎಂಬುದು ನನ್ನ ಉತ್ತರ. ಆಯ್ಕೆ ಸಮಿತಿಗಳು ಫೆಬ್ರುವರಿಯವರೆಗೂ ಪಟ್ಟಿಯನ್ನು ತಿದ್ದುತ್ತಿರುವುದರಿಂದ ಮುಖಪರಿಚಯಕ್ಕೆ ಬೆಲೆಯಿದೆ. ಕೇವಲ ಸಾಲು ಸೇರಿಸಲು ಹಣ ಕೊಟ್ಟು ಖಾಸಗಿ ಕ್ಲಿನಿಕ್ಕುಗಳಲ್ಲಿ ತಿಂಗಳು ಕಳೆಯುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ನಾನು ಊರಿಗೆ ಮರಳಿದೆ.

ಸಂದರ್ಶನಗಳೆಲ್ಲ ಆನ್‌ಲೈನ್‌ನಲ್ಲಿಯೇ ನಡೆದವು. ಅಮೆರಿಕದ ಪೂರ್ವ ತೀರದ ಬೆಳಿಗ್ಗೆ ಒಂಬತ್ತು ಎಂದರೆ ದಾವಣಗೆರೆಯಲ್ಲಿ ಸಂಜೆ ಆರೂವರೆ. ನವೆಂಬರ್ 3ರಂದು ಅವರು ಗಡಿಯಾರವನ್ನು ಹಿಂದಕ್ಕೆ ಸರಿಸಿದ ಮೇಲೆ ಏಳೂವರೆ. ಅಪ್ಪ ಇನ್ವರ್ಟರಿಗೆ ಹೊಸ ಬ್ಯಾಟರಿ ಹಾಕಿಸಿದರು. ಬಹುತೇಕ ಎಲ್ಲರೂ ಪತ್ರಗಳನ್ನು ಓದಿಕೊಂಡೇ ಬಂದಿದ್ದರು. ಜನವರಿಯಲ್ಲಿ ನಾನು ನೋಡಿಕೊಂಡಿದ್ದ, ಉಸಿರಾಟದ ತೊಂದರೆಯಿಂದ ಮತ್ತೆ ಮತ್ತೆ ದಾಖಲಾಗುತ್ತಿದ್ದ ವೃದ್ಧರೊಬ್ಬರಿಗೆ ಇನ್‌ಹೇಲರ್ ಬಳಸುವ ಕ್ರಮವನ್ನು ಪ್ರತಿದಿನ ಹೇಳಿಕೊಟ್ಟ ಸಂಗತಿ ಮಿಶಿಗನ್ ಪತ್ರದಲ್ಲಿತ್ತೆಂದು ನನಗೆ ತಿಳಿದದ್ದು ಸಂದರ್ಶಕರೊಬ್ಬರು ಅದರ ಬಗ್ಗೆ ಕೇಳಿದಾಗ. ಪತ್ರ ನೋಡುವ ಹಕ್ಕನ್ನು ನಾವು ಮೊದಲೇ ಬಿಟ್ಟುಕೊಟ್ಟಿರುತ್ತೇವೆ. ಅಬ್ಸರ್ವರ್‌ಶಿಪ್‌ನ ಪತ್ರಗಳಿಂದ ಇಂಥ ಪ್ರಶ್ನೆ ಒಂದೂ ಹುಟ್ಟಲಿಲ್ಲ.

ಮಾರ್ಚ್ 21ರ ರಾತ್ರಿ ಒಂಬತ್ತೂವರೆಗೆ ಓಹಾಯೋದ ಒಂದು ಪ್ರೋಗ್ರಾಮಿನ ಹೆಸರು ಬಂತು. ನಾನು ರೊಟೇಶನ್ ಮಾಡಿದ ಜಾಗ ಅದಲ್ಲ, ಆದರೆ ಕ್ಲೀವ್‌ಲ್ಯಾಂಡ್‌ನ ಆ ವೈದ್ಯರನ್ನು ಬಲ್ಲವರು ಅಲ್ಲಿದ್ದರು. ಈಗ ವಾರ್ಡಿನಲ್ಲಿ ತಂಡದ ಒಳಗಿನವಳಾಗಿ ನಿಂತಾಗ, ಹೊರಗಿನಿಂದ ಬರುವ ವಿದ್ಯಾರ್ಥಿಗಳ ಬಗ್ಗೆ ಅಟೆಂಡಿಂಗ್ ಸರದಿಯ ಕೊನೆಯ ಶುಕ್ರವಾರ ನಮ್ಮನ್ನೇ ಕೇಳುವುದನ್ನು ಕಾಣುತ್ತೇನೆ: ಹೇಗೆ ಕೆಲಸ ಮಾಡಿದರು, ರೋಗಿಗಳೊಂದಿಗೆ ಹೇಗಿದ್ದರು, ಹೇಳಿದ್ದನ್ನು ಮರುದಿನ ಓದಿಕೊಂಡು ಬಂದರೆ? ಸರದಿಯ ನಡುವೆ ಬುಧವಾರ ಬಂದು ಸೇರಿದವರ ಬಗ್ಗೆ ಎಷ್ಟು ಒಳ್ಳೆಯ ಮನಸ್ಸಿದ್ದರೂ ನಮ್ಮಲ್ಲಿ ಹೇಳಲು ಹೆಚ್ಚೇನೂ ಇರುವುದಿಲ್ಲ. ನಮ್ಮ ಕಾಲೇಜಿನಿಂದ ಯಾರಾದರೂ ಕೇಳಿದರೆ, ಸಂಯೋಜಕರಿಗೆ ಮೊದಲು ಅಟೆಂಡಿಂಗ್ ಸರದಿಯ ಪಟ್ಟಿ ಕೇಳಿ ಬರೆಯಿರಿ, ವಿಮಾನದ ಟಿಕೆಟ್ ಆಮೇಲೆ ಎಂದು ಹೇಳುತ್ತೇನೆ.